ಮೇಘಾಲಯದ ಸುಣ್ಣಕಲ್ಲಿನ ಬೆಟ್ಟಗಳು: ಗುಹೆ ಕೊರೆದ ನೀರು, ಕಲ್ಲು ಒಡೆಯುವ ಗಣಿ

ಚಿರಾಪುಂಜಿ ಎಂದ ಕೂಡಲೇ ನೆನಪಾಗುವುದು ಮಳೆ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಅಲ್ಲಿ 26,461 ಮಿ.ಮೀ. ಮಳೆ ಸುರಿದ ದಾಖಲೆ ಇದೆ. ಹತ್ತಿರದ ಮೌಸಿನ್‌ರಾಮ್‌ನಲ್ಲಿ ವರ್ಷದ ಸರಾಸರಿಯೇ 11,870 ಮಿ.ಮೀ. ಅಂದರೆ ನಮ್ಮ ಆಗುಂಬೆಯ ಮಳೆಯ ಸುಮಾರು ಒಂದೂವರೆ ಪಟ್ಟು. ಆದರೂ ಡಿಸೆಂಬರ್ ದಾಟಿದರೆ ಈ ಊರುಗಳಲ್ಲಿ ಕುಡಿಯುವ ನೀರಿಗೆ ಪರದಾಟ. ಕೊಡ, ಕ್ಯಾನು ಹಿಡಿದು ಕೆಳಗಿನ ಒರತೆಗೆ ಇಳಿಯಬೇಕು, ತುಂಬಿಸಿಕೊಂಡು ಮತ್ತೆ ಹತ್ತಬೇಕು.

ಕಾರಣ ಒಂದೇ ಅಲ್ಲ. ಮಳೆಯ ಬಹುಪಾಲು ಕೆಲವೇ ತಿಂಗಳಲ್ಲಿ ಬೀಳುತ್ತದೆ. ಇಳಿಜಾರು ಕಡಿದಾಗಿದೆ. ಕಾಡು ಕಡಿಮೆಯಾಗಿದೆ, ಮಣ್ಣಿನ ಪದರ ಕೊಚ್ಚಿಹೋಗಿ ತೆಳ್ಳಗಾಗಿದೆ. ಇವೆಲ್ಲ ನಿಜ. ಆದರೆ ಸುಣ್ಣಕಲ್ಲು ಇರುವ ಕಡೆ ಇನ್ನೊಂದು ಕಾರಣವೂ ಇದೆ. ಅಲ್ಲಿ ನೀರು ನೆಲದ ಮೇಲೆ ನಿಲ್ಲುವುದೇ ಇಲ್ಲ. ತೊರೆ ಹರಿಯುತ್ತಾ ಬಂದು ಒಂದು ಕುಳಿಯೊಳಗೆ ಇಳಿದು ಮಾಯವಾಗುತ್ತದೆ. ಬೆಟ್ಟದ ಒಳಗೇ ಹೊಳೆಯಾಗಿ ಓಡಿ, ಎಲ್ಲೋ ದೂರದ ಕಣಿವೆಯಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಮೇಲೆ ಬದುಕುವವರಿಗೆ ಆ ನೀರು ಕಾಣುವುದಿಲ್ಲ. ಕೆಳಗೆ ಬದುಕುವವರಿಗೆ ಅದು ಎಲ್ಲಿಂದ ಬಂತು ಎಂದು ಗೊತ್ತಿರುವುದಿಲ್ಲ.

ಇಂಥ ನೆಲಕ್ಕೆ ಕಾರ್ಸ್ಟ್ ಎನ್ನುತ್ತಾರೆ. ಭೂಮಿಯ ನೆಲಭಾಗದಲ್ಲಿ ಸುಮಾರು 15% ಜಾಗದಲ್ಲಿ ಸುಣ್ಣಕಲ್ಲಿನ ಜಾತಿಯ ಬಂಡೆಗಳು ಮೇಲಕ್ಕೆ ಬಂದಿವೆ. ಜಗತ್ತಿನಲ್ಲಿ ಹತ್ತರಲ್ಲಿ ಒಬ್ಬರಷ್ಟು ಜನ ಕುಡಿಯುವುದು ಇಂಥ ಬಂಡೆಯೊಳಗಿಂದ ಬಂದ ನೀರನ್ನೇ. ನಮ್ಮ ದೇಶದಲ್ಲಿ ಇದರ ಅತ್ಯಂತ ದೊಡ್ಡ, ಅತ್ಯಂತ ಜೀವಂತ ಉದಾಹರಣೆ ಮೇಘಾಲಯದ ದಕ್ಷಿಣ ಅಂಚು. ಅದೇ ಅಂಚಿನಲ್ಲಿ ಸಿಮೆಂಟ್‌ಗೆ ಬೇಕಾದ ಕಲ್ಲೂ ಇದೆ, ಕಲ್ಲಿದ್ದಲೂ ಇದೆ. ಅಲ್ಲಿನ ಜಗಳವನ್ನು ನಾವು ಸಾಮಾನ್ಯವಾಗಿ ಪರಿಸರ ಬೇಕೋ ಉದ್ಯೋಗ ಬೇಕೋ ಎಂಬ ಪ್ರಶ್ನೆಯಾಗಿ ನೋಡುತ್ತೇವೆ. ನನಗೆ ಕಾಣುವ ಮುಖ್ಯ ತೊಂದರೆ ಅದಕ್ಕಿಂತ ಮೊದಲಿನದು. ಗಣಿಗೆ ಅನುಮತಿ ಕೊಡುವಾಗ ಎಷ್ಟು ಟನ್ ಕಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಆದರೆ ಈ ಬೆಟ್ಟಗಳ ಕೆಲಸವೆಲ್ಲ ನಡೆಯುವುದು ಕಲ್ಲಿಲ್ಲದ ಜಾಗದಲ್ಲಿ, ಒಳಗಿನ ಟೊಳ್ಳಿನಲ್ಲಿ. ಆ ಟೊಳ್ಳು ಹೇಗಾಯಿತು ಎಂದು ತಿಳಿಯದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಕಡಲಿನಿಂದ ಬೆಟ್ಟಕ್ಕೆ

ಸುಮಾರು 5.8 ಕೋಟಿಯಿಂದ 4 ಕೋಟಿ ವರ್ಷಗಳ ಹಿಂದೆ ಈಗಿನ ಖಾಸಿ, ಜಯಂತಿಯಾ, ಗಾರೋ ಬೆಟ್ಟಗಳ ದಕ್ಷಿಣ ಭಾಗ ಆಳವಿಲ್ಲದ ಬೆಚ್ಚನೆಯ ಕಡಲು. ಅದರ ತಳದಲ್ಲಿ ಚಿಪ್ಪಿನ ಜೀವಿಗಳು ಸತ್ತು ಪದರ ಪದರವಾಗಿ ಬಿದ್ದವು. ಅವುಗಳಲ್ಲಿ ನಮ್ಮುಲೈಟ್ ಎಂಬ ಜೀವಿ ವಿಶೇಷ. ಒಂದೇ ಜೀವಕೋಶದ್ದು, ಆದರೂ ನಾಣ್ಯದ ಆಕಾರದಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದು. ಮೇಘಾಲಯದ ಸುಣ್ಣಕಲ್ಲನ್ನು ಒಡೆದರೆ ಈಗಲೂ ಆ ಚಿಪ್ಪುಗಳ ಗುರುತು ಕಾಣುತ್ತದೆ.

ಕಡಲು ಒಮ್ಮೆ ಮುಂದೆ ಬಂತು, ಒಮ್ಮೆ ಹಿಂದೆ ಸರಿಯಿತು. ಮುಂದೆ ಬಂದಾಗ ಸುಣ್ಣ ಬಿತ್ತು. ಹಿಂದೆ ಸರಿದಾಗ ಅದೇ ಜಾಗ ಕೆಸರು ತುಂಬಿದ ಕರಾವಳಿಯಾಯಿತು. ಮರಳು ಬಿತ್ತು, ಗಿಡಮರ ಕೊಳೆತು ಮುಂದೆ ಕಲ್ಲಿದ್ದಲಾಯಿತು. ಹಾಗಾಗಿ ಅಲ್ಲಿ ಸುಣ್ಣಕಲ್ಲು, ಅದರ ಮೇಲೆ ಕಲ್ಲಿದ್ದಲಿರುವ ಮರಳುಗಲ್ಲು, ಅದರ ಮೇಲೆ ಮತ್ತೆ ಸುಣ್ಣಕಲ್ಲು ಎಂದು ಪದರಗಳು ಒಂದರ ಮೇಲೊಂದು ಕೂತಿವೆ. ಈ ಜೋಡಣೆಯನ್ನು ನೆನಪಿಡಿ. ಮುಂದೆ ಬರುವ ಕಥೆಯ ಅರ್ಧ ಭಾಗ ಇದರಲ್ಲೇ ಇದೆ.

ಆಮೇಲೆ ಭಾರತದ ಭೂಫಲಕ ಉತ್ತರಕ್ಕೂ ಪೂರ್ವಕ್ಕೂ ಒತ್ತುತ್ತಾ ಹೋದ ಹಾಗೆ ಶಿಲ್ಲಾಂಗ್ ಪ್ರಸ್ಥಭೂಮಿ ಎರಡೂ ಬದಿಯ ಬಿರುಕುಗಳ ನಡುವೆ ಮೇಲೆದ್ದಿತು. ದಕ್ಷಿಣದ ಅಂಚಿನ ಬಿರುಕಿಗೆ ಡೌಕಿ ಎಂದು ಹೆಸರು. ಭೂಮಿಯ ಲೆಕ್ಕದಲ್ಲಿ ಇದೆಲ್ಲ ಇತ್ತೀಚಿನದು. ಬೆಟ್ಟ ಈಗಿನ ಎತ್ತರಕ್ಕೆ ಏರಿದ್ದರ ಹೆಚ್ಚಿನ ಭಾಗ ಕಳೆದ ಒಂದು ಕೋಟಿ ವರ್ಷಗಳ ಒಳಗಿನ ಮಾತು. ಈ ಒತ್ತಡ ಈಗಲೂ ಇದೆ. 1897ರ ಜೂನ್ 12ರಂದು ಶಿಲ್ಲಾಂಗನ್ನು ನೆಲಸಮ ಮಾಡಿದ ದೊಡ್ಡ ಭೂಕಂಪ ಇದೇ ಪ್ರಸ್ಥಭೂಮಿಯ ಅಡಿಯಲ್ಲಿ ಹುಟ್ಟಿದ್ದು.

ಬೆಟ್ಟ ಏಳುತ್ತಿದ್ದಂತೆ ಎರಡು ಕೆಲಸ ಒಟ್ಟಿಗೆ ನಡೆದವು. ಬಂಗಾಳ ಕೊಲ್ಲಿಯಿಂದ ಬರುವ ಮೋಡಗಳಿಗೆ ಬಯಲು ದಾಟಿದ ಕೂಡಲೇ ಎದುರಾದ ಮೊದಲ ಗೋಡೆ ಇದು. ಅದಕ್ಕೇ ಅಷ್ಟು ಮಳೆ. ಇನ್ನೊಂದು, ಕಡಲ ತಳದಲ್ಲಿ ಸಪಾಟಾಗಿದ್ದ ಸುಣ್ಣಕಲ್ಲು ಮೇಲೆದ್ದು ಬಿರುಕು ಬಿಟ್ಟಿತು. ಗುಹೆ ಆಗಬೇಕಾದರೆ ಕಲ್ಲು, ಬಿರುಕು, ಮಳೆ ಮತ್ತು ನೀರು ಕೆಳಗಿಳಿದು ಹೊರಹೋಗಲು ಬೇಕಾದ ಎತ್ತರ, ನಾಲ್ಕೂ ಬೇಕು. ನಾಲ್ಕೂ ಇಷ್ಟು ಧಾರಾಳವಾಗಿ ಒಂದೇ ಕಡೆ ಸಿಗುವ ಜಾಗ ಜಗತ್ತಿನಲ್ಲೇ ಕಡಿಮೆ.

ಹನಿ ನೀರು ಕಲ್ಲನ್ನು ತಿನ್ನುವ ಬಗೆ

ಬರೀ ನೀರಿನಲ್ಲಿ ಸುಣ್ಣಕಲ್ಲು ಕರಗುವುದು ತೀರಾ ಕಡಿಮೆ. ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಬೇಕು. ಆಗ ನೀರು ಸ್ವಲ್ಪ ಹುಳಿಯಾಗುತ್ತದೆ, ಅಂದರೆ ಕಾರ್ಬಾನಿಕ್ ಆಮ್ಲ ಆಗುತ್ತದೆ. ಮಳೆ ಹನಿ ಗಾಳಿಯಲ್ಲಿ ಬೀಳುವಾಗಲೇ ಸ್ವಲ್ಪ ಸೇರಿಕೊಳ್ಳುತ್ತದೆ. ಆದರೆ ಜಾಸ್ತಿ ಸೇರುವುದು ಮಣ್ಣಿನಲ್ಲಿ. ಬೇರುಗಳು ಉಸಿರಾಡುತ್ತವೆ, ಎಲೆ ಕೊಳೆಯುತ್ತದೆ, ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿರುತ್ತವೆ. ಕಾಡಿನ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಹತ್ತಾರು ಪಟ್ಟು ಹೆಚ್ಚು ಇರಬಹುದು. ಆ ಮಣ್ಣಿನ ಮೂಲಕ ಇಳಿದ ನೀರಿಗೆ ಕಲ್ಲನ್ನು ಕರಗಿಸುವ ಶಕ್ತಿ ಬರುತ್ತದೆ. ಬೆಟ್ಟದ ಮೇಲಿನ ಕಾಡಿಗೂ ಕೆಳಗಿನ ಗುಹೆಗೂ ಇರುವ ನಂಟು ಇದು. ಕಾಡು ಬೇರೆ ಇಲಾಖೆ, ಗುಹೆ ಬೇರೆ ಇಲಾಖೆ, ನೀರು ಇನ್ನೊಂದು ಇಲಾಖೆ ಎಂದು ಹಂಚಿಕೊಂಡಿರುವುದು ನಾವು ಮಾತ್ರ.

ಶುರುವಿನಲ್ಲಿ ಕೆಲಸ ತುಂಬಾ ನಿಧಾನ. ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ತೊಟ್ಟು ತೊಟ್ಟಾಗಿ ಹೋಗುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದರ ಹುಳಿ ಮುಗಿದು ಕರಗಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಹೀಗೆ ಸಾವಿರಾರು, ಕೆಲವೊಮ್ಮೆ ಹತ್ತಾರು ಸಾವಿರ ವರ್ಷ ಕಳೆದರೂ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಆದರೆ ಬಿರುಕು ಒಂದು ಸೆಂಟಿಮೀಟರ್‌ನಷ್ಟು ಅಗಲವಾದ ಮೇಲೆ ಆಟವೇ ಬದಲಾಗುತ್ತದೆ. ನೀರು ಬೇಗ ಓಡುತ್ತದೆ, ಹುಳಿ ಮುಗಿಯುವ ಮೊದಲೇ ಇನ್ನೊಂದು ತುದಿ ಮುಟ್ಟುತ್ತದೆ. ಬಿರುಕಿನ ಉದ್ದಕ್ಕೂ ಕಲ್ಲು ಕರಗತೊಡಗುತ್ತದೆ. ಅಗಲವಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಾದಷ್ಟೂ ಅಗಲ ಹೆಚ್ಚು. ಅಕ್ಕಪಕ್ಕದ ನೂರು ಬಿರುಕುಗಳಲ್ಲಿ ಒಂದೆರಡು ಗೆಲ್ಲುತ್ತವೆ, ಉಳಿದವು ಅಲ್ಲೇ ನಿಲ್ಲುತ್ತವೆ. ಗೆದ್ದದ್ದು ಗುಹೆಯಾಗುತ್ತದೆ. ಗೋಡೆ ವರ್ಷಕ್ಕೆ ಮಿಲಿಮೀಟರ್‌ನ ಒಂದು ಭಾಗದಷ್ಟು ಸವೆದರೂ ಸಾಕು, ಹತ್ತು ಸಾವಿರ ವರ್ಷದಲ್ಲಿ ಮನುಷ್ಯ ನಡೆದು ಹೋಗುವಷ್ಟು ದೊಡ್ಡ ಸುರಂಗ ಸಿದ್ಧ.

ಮೇಘಾಲಯದಲ್ಲಿ ಇದಕ್ಕೆ ಪ್ರವಾಹದ ಬಲವೂ ಸೇರುತ್ತದೆ. ಮುಂಗಾರಿನಲ್ಲಿ ಗುಹೆಗಳು ಚಾವಣಿಯವರೆಗೂ ತುಂಬಿ ಹರಿಯುತ್ತವೆ. ನೀರು ಮರಳನ್ನೂ ಗುಂಡುಕಲ್ಲನ್ನೂ ಉರುಳಿಸಿಕೊಂಡು ಹೋಗುತ್ತದೆ. ಕರಗುವುದರ ಜೊತೆಗೆ ಉಜ್ಜುವ ಕೆಲಸವೂ ನಡೆಯುತ್ತದೆ. ಅಲ್ಲಿ ಗುಹೆ ಅಳೆಯುವವರು ಒಳಗಿಳಿಯುವುದು ಚಳಿಗಾಲದಲ್ಲಿ ಮಾತ್ರ, ಅದು ಈ ಕಾರಣಕ್ಕೆ.

1992ರಿಂದ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್ ಮತ್ತು ಬ್ರಿಟನ್ ಹಾಗೂ ಯುರೋಪಿನ ಗುಹಾಶೋಧಕರು ಸೇರಿ ಚಳಿಗಾಲದಲ್ಲಿ ಈ ಗುಹೆಗಳನ್ನು ಅಳೆಯುತ್ತಾ ಬಂದಿದ್ದಾರೆ. 1,700ಕ್ಕೂ ಹೆಚ್ಚು ಗುಹೆಗಳ ಜಾಗ ಗುರುತಾಗಿದೆ. ಸುಮಾರು 500 ಕಿ.ಮೀ. ಉದ್ದದ ಹಾದಿಯನ್ನು ನಕ್ಷೆಗೆ ತಂದಿದ್ದಾರೆ. ಪೂರ್ವ ಜಯಂತಿಯಾ ಬೆಟ್ಟಗಳ ಶ್ನೋಂಗ್‌ರಿಮ್ ದಿಣ್ಣೆಯ ಅಡಿಯಲ್ಲಿರುವ ಕ್ರೆಮ್ ಲಿಯಾಟ್ ಪ್ರಾ ಗುಹೆಯೊಂದೇ ಸುಮಾರು 31 ಕಿ.ಮೀ. ಉದ್ದ. ಖಾಸಿ ಭಾಷೆಯಲ್ಲಿ ಕ್ರೆಮ್ ಎಂದರೆ ಗುಹೆ. ಇದು ಬಹುಪಾಲು ಸ್ವಂತ ಆಸಕ್ತಿಯಿಂದ, ಸ್ವಂತ ರಜೆಯಲ್ಲಿ ಬಂದವರು ಮಾಡಿದ ಕೆಲಸ ಎಂಬುದನ್ನು ಮರೆಯಬಾರದು. ಆ ನಕ್ಷೆಗಳು ಇಲ್ಲದಿದ್ದರೆ ಇವತ್ತು ಉಳಿಸಿ ಎಂದು ಕೇಳಲು ಕೈಯಲ್ಲಿ ಪುರಾವೆಯೇ ಇರುತ್ತಿರಲಿಲ್ಲ.

ಪ್ರಾಚೀನ ಎಂದರೆ ಎಷ್ಟು ಪ್ರಾಚೀನ?

ಗುಹೆಯ ಮುಂದೆ ನಿಲ್ಲಿಸಿದ ಬೋರ್ಡುಗಳಲ್ಲಿ "ಕೋಟ್ಯಂತರ ವರ್ಷ ಹಳೆಯ ಗುಹೆ" ಎಂದು ಬರೆದಿರುವುದನ್ನು ನೋಡಿರುತ್ತೀರಿ. ಅಲ್ಲಿ ಸಾಮಾನ್ಯವಾಗಿ ಮೂರು ಬೇರೆ ಬೇರೆ ವಯಸ್ಸುಗಳು ಕಲೆಸಿಹೋಗಿರುತ್ತವೆ. ಕಲ್ಲಿನ ವಯಸ್ಸು ಒಂದು. ಆ ಕಲ್ಲಿನಲ್ಲಿ ಟೊಳ್ಳು ಬಿದ್ದ ಕಾಲ ಇನ್ನೊಂದು. ಟೊಳ್ಳಿನೊಳಗೆ ಬೆಳೆದ ಸುಣ್ಣದ ಕಂಬಗಳದ್ದು ಮತ್ತೊಂದು. ಮೇಘಾಲಯದಲ್ಲಿ ಕಲ್ಲಿಗೆ ಐದು ಕೋಟಿ ವರ್ಷದ ಆಸುಪಾಸು. ಗುಹೆಗಳು ಬೆಟ್ಟ ಎದ್ದ ಮೇಲಿನವು, ಹಾಗಾಗಿ ತುಂಬಾ ಚಿಕ್ಕವು. ಒಳಗಿನ ಕಂಬಗಳು ಸಾವಿರ, ಲಕ್ಷ ವರ್ಷಗಳ ಲೆಕ್ಕದವು.

ಒಂದೇ ಗುಹೆಯಲ್ಲೂ ವಯಸ್ಸು ಬೇರೆ ಬೇರೆ. ಬೆಟ್ಟ ಏಳುತ್ತಾ ಹೋದಂತೆ, ಕಣಿವೆಯ ಹೊಳೆ ಆಳಕ್ಕೆ ಕೊರೆಯುತ್ತಾ ಹೋದಂತೆ, ನೀರು ಹಳೆಯ ದಾರಿ ಬಿಟ್ಟು ಕೆಳಗೆ ಹೊಸ ದಾರಿ ಮಾಡಿಕೊಳ್ಳುತ್ತದೆ. ಮೇಲಿನ ಸುರಂಗ ಒಣಗುತ್ತದೆ. ಹೀಗಾಗಿ ಗುಹೆಯ ಮೇಲಂತಸ್ತು ಹಳೆಯದು, ಕೆಳಗಿನದು ಹೊಸದು. ಈಗ ಹೊಳೆ ಹರಿಯುತ್ತಿರುವುದು ಅತ್ಯಂತ ಹೊಸ ಅಂತಸ್ತಿನಲ್ಲಿ. ಕಲ್ಲಿನ ಪದರಗಳಲ್ಲಿ ಕೆಳಗಿನದೇ ಹಳೆಯದು ಎಂದು ಓದಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ, ಅಲ್ವಾ? ಆದರೆ ಇಲ್ಲಿ ನಾವು ಅಳೆಯುತ್ತಿರುವುದು ಕಲ್ಲನ್ನಲ್ಲ, ಖಾಲಿ ಜಾಗವನ್ನು.

ನಿಜಕ್ಕೂ ಪ್ರಾಚೀನ ಎನ್ನಬಹುದಾದ ಗುಹೆಗಳೂ ಇವೆ. ಆಸ್ಟ್ರೇಲಿಯಾದ ಸಿಡ್ನಿಗೆ ಪಶ್ಚಿಮದ ಬೆಟ್ಟಗಳಲ್ಲಿರುವ ಜೆನೋಲನ್ ಗುಹೆಗಳ ಕೆಲವು ಭಾಗಗಳಲ್ಲಿ ಸಿಕ್ಕ ಜೇಡಿಮಣ್ಣಿಗೆ ಸುಮಾರು 34 ಕೋಟಿ ವರ್ಷ ವಯಸ್ಸು ಎಂದು 2006ರಲ್ಲಿ ಪ್ರಕಟವಾಯಿತು. ಡೈನೋಸಾರ್‌ಗಳು ಬರುವುದಕ್ಕಿಂತ ಎಷ್ಟೋ ಮೊದಲು ಆ ಟೊಳ್ಳು ಇತ್ತು. ಇನ್ನು ಕೆಲವು ಕಡೆ ಹಳೆಯ ಕಾರ್ಸ್ಟ್ ನೆಲ ಪೂರ್ತಿ ಹೂತುಹೋಗಿದೆ. ಚೀನಾದ ತಾರಿಮ್ ಪ್ರದೇಶದ ತಾಹೆ ತೈಲಕ್ಷೇತ್ರದಲ್ಲಿ ಐದು ಕಿ.ಮೀ.ಗಿಂತ ಆಳದಲ್ಲಿ ಕಚ್ಚಾತೈಲ ತುಂಬಿರುವುದು ಹೀಗೆ ಹೂತುಹೋದ ಗುಹೆಗಳಲ್ಲಿ. ಹೂತುಹೋದರೂ ಟೊಳ್ಳು ಟೊಳ್ಳಾಗಿಯೇ ಉಳಿದಿದೆ.

ನಮ್ಮ ಯಾಣವೂ ಈ ಮಾತಿಗೆ ಸೇರುತ್ತದೆ. ಕುಮಟಾ ತಾಲ್ಲೂಕಿನ ಕಾಡಿನ ನಡುವೆ 120 ಮೀಟರ್ ಎತ್ತರಕ್ಕೆ ನಿಂತ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಅಲ್ಲಿನ ಕಲ್ಲು ಮೇಘಾಲಯದ್ದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಆದರೆ ಈಗ ನಾವು ನೋಡುವ ಚೂಪು ಆಕಾರ ಸಹ್ಯಾದ್ರಿಯ ಮಳೆ ಆಮೇಲೆ ಕೊರೆದದ್ದು.

ಒಂದು ಕಂಬ ಬಿಡಿಸಿದ ಮಳೆಯ ಲೆಕ್ಕ

ಕಲ್ಲು ಕರಗಿಸಿಕೊಂಡ ನೀರು ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ತನ್ನೊಳಗಿನ ಇಂಗಾಲದ ಡೈಆಕ್ಸೈಡ್ ಅನ್ನು ಗುಹೆಯ ಗಾಳಿಗೆ ಬಿಟ್ಟುಕೊಡುತ್ತದೆ. ಆಗ ಸುಣ್ಣವನ್ನು ಹಿಡಿದಿಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ. ಸುಣ್ಣ ಅಲ್ಲೇ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಹಾಗೆಯೇ ಇದು. ಚಾವಣಿಯಿಂದ ತೊಂಗಲು ಇಳಿಯುತ್ತದೆ, ನೆಲದಿಂದ ಕಂಬ ಏಳುತ್ತದೆ.

ಚಿರಾಪುಂಜಿಯ ಹತ್ತಿರದ ಮೌಮ್‌ಲುಹ್ ಗುಹೆಯಿಂದ ತೆಗೆದ ಇಂಥ ಒಂದು ಕಂಬ ಜಗತ್ತಿನ ಕಾಲಪಟ್ಟಿಯನ್ನೇ ಬದಲಿಸಿತು. ಅದರ ಪದರಗಳ ವಯಸ್ಸನ್ನು ಯುರೇನಿಯಂ ಮತ್ತು ಥೋರಿಯಂ ಅಳೆದು ತಿಳಿದರು. ಯುರೇನಿಯಂ ನೀರಿನಲ್ಲಿ ಕರಗಿ ಬರುತ್ತದೆ, ಥೋರಿಯಂ ಹೆಚ್ಚೂಕಮ್ಮಿ ಬರುವುದೇ ಇಲ್ಲ. ಹಾಗಾಗಿ ಕಂಬದಲ್ಲಿರುವ ಥೋರಿಯಂ ಬಹುಪಾಲು ಅಲ್ಲೇ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಎಷ್ಟು ಹುಟ್ಟಿದೆ ಎಂದು ನೋಡಿದರೆ ಎಷ್ಟು ಕಾಲವಾಯಿತು ಎಂದು ಗೊತ್ತಾಗುತ್ತದೆ. ಮಳೆಯ ಪ್ರಮಾಣ ತಿಳಿಯುವುದು ಆಮ್ಲಜನಕದಿಂದ. ಮುಂಗಾರು ಜೋರಾಗಿದ್ದಾಗ ಬಿದ್ದ ಮಳೆಯಲ್ಲಿ ತೂಕದ ಆಮ್ಲಜನಕ ಕಡಿಮೆ ಇರುತ್ತದೆ, ದುರ್ಬಲವಾಗಿದ್ದಾಗ ಹೆಚ್ಚು. ಆ ವ್ಯತ್ಯಾಸ ಸುಣ್ಣದ ಪದರದಲ್ಲಿ ಹಾಗೆಯೇ ಉಳಿಯುತ್ತದೆ.

ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ದೀರ್ಘಕಾಲ ದುರ್ಬಲವಾಗಿದ್ದ ಗುರುತು ಆ ಕಂಬದಲ್ಲಿ ಸ್ಪಷ್ಟವಾಗಿತ್ತು. ಈಜಿಪ್ಟ್, ಮೆಸೊಪೊಟೇಮಿಯಾ ಕಡೆಯೂ ಬರದ ಸುಳಿವು ಸಿಗುವ ಕಾಲ ಅದು. 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ಅಲ್ಲಿಂದ ಇಲ್ಲಿಯವರೆಗಿನ ಕಾಲಕ್ಕೆ ಮೇಘಾಲಯನ್ ಯುಗ ಎಂದು ಹೆಸರಿಟ್ಟಿತು. ಆ ಬರ ಜಗತ್ತಿನ ಎಲ್ಲೆಡೆ ಒಂದೇ ಹೊತ್ತಿಗೆ ಬಂದಿತ್ತೇ, ನಾಗರಿಕತೆಗಳು ಕುಸಿದದ್ದಕ್ಕೆ ಅದೇ ಕಾರಣವೇ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಹಾಗೆ ವಾದ ನಡೆಯುವುದು ಒಳ್ಳೆಯದೇ. ಆದರೆ ಅದು ಬಗೆಹರಿಯಬೇಕಾದರೆ ಇನ್ನಷ್ಟು ಗುಹೆಗಳ ಇನ್ನಷ್ಟು ಕಂಬಗಳು ಬೇಕು. 2022ರಲ್ಲಿ ಅದೇ ಒಕ್ಕೂಟ ಜಗತ್ತಿನ ಮೊದಲ ನೂರು ಭೂಪರಂಪರೆಯ ತಾಣಗಳ ಪಟ್ಟಿಯಲ್ಲಿ ಮೌಮ್‌ಲುಹ್ ಗುಹೆಯನ್ನೂ ಸೇರಿಸಿತು. ಮುಂಗಾರನ್ನು ನಂಬಿ ಬದುಕುವ ನಮ್ಮ ದೇಶಕ್ಕೆ ಸಾವಿರಾರು ವರ್ಷದ ಮುಂಗಾರಿನ ದಾಖಲೆ ಇಷ್ಟು ಚೆನ್ನಾಗಿ ಬೇರೆಲ್ಲಿ ಸಿಗುತ್ತದೆ ಹೇಳಿ.

ಗುಹೆಯಲ್ಲಿ ಜೀವವೂ ಇದೆ. 1922ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಸ್ಟ್ಯಾನ್ಲಿ ಕೆಂಪ್ ಮತ್ತು ಬಿ. ಚೋಪ್ರಾ ಗಾರೋ ಬೆಟ್ಟಗಳ ಸಿಜು ಗುಹೆಯೊಳಗೆ ಸುಮಾರು ನೂರು ಬಗೆಯ ಪ್ರಾಣಿಗಳನ್ನು ಪಟ್ಟಿ ಮಾಡಿದ್ದರು. ತೀರಾ ಈಚೆಗೆ, ಜಯಂತಿಯಾ ಬೆಟ್ಟಗಳ ಗುಹೆಯೊಂದರ ನೀರಿನಲ್ಲಿ ಸುಮಾರು 40 ಸೆ.ಮೀ. ಉದ್ದದ ಬಿಳಿಚಿದ, ಕುರುಡು ಮೀನು ಸಿಕ್ಕಿತು. ನೆಲದಡಿ ಬದುಕುವ ಮೀನುಗಳಲ್ಲಿ ಜಗತ್ತಿಗೆ ಗೊತ್ತಿರುವ ಅತಿ ದೊಡ್ಡದು ಇದು. 2023ರಲ್ಲಿ ಅದಕ್ಕೆ ನಿಯೋಲಿಸೊಕಿಲಸ್ ಪ್ನಾರ್ ಎಂದು ಹೆಸರಾಯಿತು. ಪ್ನಾರ್ ಎಂಬುದು ಆ ನೆಲದ ಜನರ ಹೆಸರು.

ಕಲ್ಲಿದ್ದಲಿನ ಹುಳಿ, ಸಿಮೆಂಟಿನ ಹಸಿವು

ಈಗ ಆ ಪದರಗಳ ಜೋಡಣೆಗೆ ವಾಪಸು ಬರೋಣ. ಕಲ್ಲಿದ್ದಲು ಇರುವುದು ಸುಣ್ಣಕಲ್ಲಿನ ಮೇಲಿನ ಮರಳುಗಲ್ಲಿನಲ್ಲಿ. ಅದರಲ್ಲಿ ಗಂಧಕ ಜಾಸ್ತಿ. ಗಣಿ ತೋಡಿದಾಗ ಗಂಧಕ ಮತ್ತು ಕಬ್ಬಿಣ ಸೇರಿದ ಖನಿಜಕ್ಕೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಜಯಂತಿಯಾ ಬೆಟ್ಟಗಳಲ್ಲಿ ದಶಕಗಳ ಕಾಲ ನಡೆದದ್ದು ಇಲಿಬಿಲದಂಥ ಕಿರಿದಾದ ಸುರಂಗ ಗಣಿಗಾರಿಕೆ. ರಾಶಿ ಹಾಕಿದ ಕಲ್ಲಿದ್ದಲಿನ ಮೇಲೆ, ಬಿಟ್ಟುಹೋದ ಗುಂಡಿಗಳ ಮೇಲೆ ಮಳೆ ಸುರಿಯಿತು. ಆ ಆಮ್ಲನೀರು ಹೊಳೆ ಸೇರಿತು, ಕೆಳಗಿನ ಗುಹೆಗಳಿಗೂ ಇಳಿಯಿತು. ಕಾಡಿನ ಮಣ್ಣಿನಿಂದ ಬಂದ ನೀರು ಸಾವಿರಾರು ವರ್ಷ ತಾಳ್ಮೆಯಿಂದ ಮಾಡಿದ ಕೆಲಸಕ್ಕೂ ಈ ಆಮ್ಲ ಮಾಡುವ ಕೆಲಸಕ್ಕೂ ಹೋಲಿಕೆಯೇ ಇಲ್ಲ. ಅದು ಕಲ್ಲನ್ನು ಕೊರೆಯುವುದಷ್ಟೇ ಅಲ್ಲ, ನೀರಿನಲ್ಲಿರುವ ಜೀವವನ್ನೂ ಕೊಲ್ಲುತ್ತದೆ.

ಪೂರ್ವ ಜಯಂತಿಯಾ ಬೆಟ್ಟಗಳ ಲುಖಾ ನದಿ 2007ರ ಆಸುಪಾಸಿನಿಂದ ಚಳಿಗಾಲದಲ್ಲಿ ಗಾಢ ನೀಲಿ ಬಣ್ಣಕ್ಕೆ ತಿರುಗುತ್ತಿದೆ. ಮೀನುಗಳು ಸತ್ತು ತೇಲಿವೆ. ದಡದ ಹಳ್ಳಿಗಳವರು ಆ ನೀರು ಬಳಸುವುದನ್ನು ಬಿಡಬೇಕಾಯಿತು. ಲುನಾರ್ ಎಂಬ ಉಪನದಿ ತರುವ ಕಲ್ಲಿದ್ದಲು ಗಣಿಗಳ ಆಮ್ಲನೀರೇ ಮುಖ್ಯ ಕಾರಣ ಎಂಬುದು ಒಂದು ವಿವರಣೆ. ಹತ್ತಿರದ ಸಿಮೆಂಟ್ ಕಾರ್ಖಾನೆಗಳ ಮೇಲೂ ಸ್ಥಳೀಯರಿಗೆ ಅನುಮಾನ. ಫೋಟೋದಲ್ಲಿ ಆ ನೀಲಿ ಚೆನ್ನಾಗಿ ಕಾಣುತ್ತದೆ. ನೋಡಿದವರು ಸುಮ್ನೆ ಚಂದ ಎಂದುಕೊಂಡು ಮುಂದೆ ಹೋಗುವ ಅಪಾಯವಿದೆ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಏಪ್ರಿಲ್ 17ರಂದು ಈ ಗಣಿಗಾರಿಕೆಯನ್ನು ನಿಷೇಧಿಸಿತು. ನಿಷೇಧದ ನಂತರವೂ ಕೆಲಸ ನಿಲ್ಲಲಿಲ್ಲ ಎಂಬುದು 2018ರ ಡಿಸೆಂಬರ್ 13ರಂದು ಇಡೀ ದೇಶಕ್ಕೆ ಗೊತ್ತಾಯಿತು. ಕ್ಸಾನ್ ಎಂಬಲ್ಲಿ ಗಣಿಯೊಳಗೆ ಒಮ್ಮೆಲೇ ನೀರು ನುಗ್ಗಿ 15 ಮಂದಿ ಸಿಕ್ಕಿಕೊಂಡರು. ತಿಂಗಳುಗಟ್ಟಲೆ ಹುಡುಕಿದರೂ ಯಾರೊಬ್ಬರನ್ನೂ ಜೀವಂತ ಹೊರತರಲಾಗಲಿಲ್ಲ. ಪಕ್ಕದಲ್ಲಿ ಲಿಟೀನ್ ನದಿ, ಅಡಿಯಲ್ಲಿ ಎಲ್ಲಿಂದ ಎಲ್ಲಿಗೆ ಕೂಡುತ್ತವೆ ಎಂದು ಗೊತ್ತಿಲ್ಲದ ಹಳೆಯ ಸುರಂಗಗಳು. ಒಳಗಿನ ನೀರಿನ ದಾರಿಯ ನಕ್ಷೆ ಇಲ್ಲದ ನೆಲವನ್ನು ತೋಡುವುದು ಎಂಥ ಅಪಾಯ ಎಂದು ಹೇಳಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಗಣಿ ಕಾನೂನಿನಂತೆ ಗುತ್ತಿಗೆ ಮತ್ತು ಅನುಮತಿ ಪಡೆದು ಗಣಿಗಾರಿಕೆ ಮಾಡಬಹುದು ಎಂದಿತು.

ಸುಣ್ಣಕಲ್ಲಿನ ವ್ಯಾಪಾರ ಇದಕ್ಕಿಂತ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲೇ ಖಾಸಿ ಬೆಟ್ಟಗಳ ಸುಣ್ಣ ಸಿಲ್ಹೆಟ್ ಮೂಲಕ ದೋಣಿಗಳಲ್ಲಿ ಕಲ್ಕತ್ತಾಕ್ಕೆ ಹೋಗುತ್ತಿತ್ತು. ಅಲ್ಲಿನ ಹಳೆಯ ಕಟ್ಟಡಗಳ ಗಾರೆಯಲ್ಲಿ ಈ ಬೆಟ್ಟದ ಸುಣ್ಣವಿದೆ. 1960ರ ದಶಕದಲ್ಲಿ ಚಿರಾಪುಂಜಿಯಲ್ಲೇ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಈಗ ಜಯಂತಿಯಾ ಬೆಟ್ಟಗಳಲ್ಲಿ ಸಾಲು ಕಾರ್ಖಾನೆಗಳಿವೆ. ಪೂರ್ವ ಖಾಸಿ ಬೆಟ್ಟಗಳ ನೋಂಗ್‌ಟ್ರಾಯ್ ಗಣಿಯಿಂದ ಬಾಂಗ್ಲಾದೇಶದ ಛಾತಕ್ ಕಾರ್ಖಾನೆಗೆ 17 ಕಿ.ಮೀ. ಉದ್ದದ ಕನ್ವೇಯರ್ ಬೆಲ್ಟ್‌ನಲ್ಲಿ ಕಲ್ಲು ಗಡಿ ದಾಟುತ್ತದೆ. ಆ ಗಣಿಯ ಮೊಕದ್ದಮೆಯಲ್ಲಿ 2011ರ ಜುಲೈ 6ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ಮುಂದುವರಿಯಲು ಬಿಟ್ಟಿತು. ಭಾರತದ ಪರಿಸರ ಕಾನೂನಿನಲ್ಲಿ ಈ ತೀರ್ಪಿಗೆ ದೊಡ್ಡ ಜಾಗವಿದೆ. ಆದರೆ ವಾದದ ನಡುಮಧ್ಯ ಇದ್ದ ಪ್ರಶ್ನೆ, ಆ ಜಾಗ ಅರಣ್ಯವೇ ಅಲ್ಲವೇ ಎಂಬುದು. ಮೇಲೆ ಮರ ಎಷ್ಟಿದೆ ಎಂದು ನೋಡುವ ಕಾನೂನು ನಮ್ಮಲ್ಲಿದೆ. ಕೆಳಗೆ ನೀರು ಹೇಗೆ ಹರಿಯುತ್ತದೆ ಎಂದು ಕೇಳುವ ಅಷ್ಟೇ ಗಟ್ಟಿಯಾದ ಕಾನೂನು ಇಲ್ಲ.

ಸಾಧಾರಣ ನೆಲದಲ್ಲಿ ಮಳೆನೀರು ಮಣ್ಣು, ಮರಳಿನ ನಡುವೆ ನಿಧಾನವಾಗಿ ಸೋಸಿಕೊಂಡು ಇಳಿಯುತ್ತದೆ. ಕಾರ್ಸ್ಟ್‌ನಲ್ಲಿ ಆ ಸೋಸುವ ಕೆಲಸ ಇಲ್ಲ. ಕುಳಿಗೆ ಬಿದ್ದ ಕೊಳೆ ದಿನಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಓಡಿ ಹೋದ ಹಾಗೆಯೇ ಬುಗ್ಗೆಗೆ ಬರುತ್ತದೆ. ಇನ್ನೂ ಕಷ್ಟದ ವಿಷಯ, ಬೆಟ್ಟದ ಮೇಲಿನ ನೀರಿನ ಗಡಿ ಮತ್ತು ಒಳಗಿನ ನೀರಿನ ಗಡಿ ಒಂದೇ ಆಗಿರುವುದಿಲ್ಲ. ಮೇಲ್ನೋಟಕ್ಕೆ ಪೂರ್ವದ ಕಣಿವೆಗೆ ಸೇರಿದ್ದೆಂದು ಕಾಣುವ ನೀರು ಒಳಗಿನಿಂದ ಪಶ್ಚಿಮದ ಹಳ್ಳಿಗೆ ಹೋಗುತ್ತಿರಬಹುದು. ಗಣಿಯ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆದು ಪರಿಣಾಮ ಅಳೆಯುವ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಯಾವ ಹಳ್ಳಿಯ ಬುಗ್ಗೆ ಬತ್ತುತ್ತದೋ ಆ ಹಳ್ಳಿಯವರನ್ನು ಸಾರ್ವಜನಿಕ ಅಹವಾಲು ಸಭೆಗೆ ಕರೆದೇ ಇರುವುದಿಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಂವಿಧಾನದ ಆರನೇ ಅನುಸೂಚಿಯ ಅಡಿ ಬುಡಕಟ್ಟು ಜನರ ಸ್ವಾಯತ್ತ ಜಿಲ್ಲಾ ಮಂಡಳಿಗಳಿರುವ ಈ ಬೆಟ್ಟಗಳಲ್ಲಿ ನೆಲದ ಬಹುಪಾಲು ಒಡೆತನ ಕುಲಗಳದ್ದು, ಸಮುದಾಯದ್ದು, ಮನೆತನಗಳದ್ದು. ಗಣಿಗೆ ನೆಲ ಕೊಟ್ಟವರೆಲ್ಲ ದುರಾಸೆಯವರಲ್ಲ. ಬೇರೆ ದುಡಿಮೆ ಕಡಿಮೆ ಇರುವ ಕಡೆ ಅದು ಮಕ್ಕಳ ಓದಿನ ದುಡ್ಡು, ಆಸ್ಪತ್ರೆಯ ದುಡ್ಡು. ಗುಹೆ ಉಳಿಸಿ ಎಂದು ಬೆಂಗಳೂರಿನಲ್ಲಿ ಕೂತು ಬರೆಯುವುದು ಸುಲಭ. ಆದರೆ ಒಬ್ಬರ ನೆಲದ ಅಡಿಯ ಗುಹೆಯಲ್ಲಿ ಹರಿಯುವುದು ಹತ್ತು ಹಳ್ಳಿಗಳ ನೀರು. ನೆಲದ ಒಡೆತನಕ್ಕೂ ಆ ನೀರಿನ ಹಕ್ಕಿಗೂ ನಡುವೆ ಒಂದು ವ್ಯವಸ್ಥೆ ಬೇಕೇ ಬೇಕು. ಸ್ಲೊವೇನಿಯಾದಲ್ಲಿ ಕಾರ್ಸ್ಟ್ ನೆಲ ದೇಶದ ದೊಡ್ಡ ಭಾಗವನ್ನೇ ಆವರಿಸಿದೆ. ಅಲ್ಲಿ 2004ರ ಕಾನೂನಿನಂತೆ ನೆಲ ಯಾರದೇ ಇರಲಿ, ಅದರ ಅಡಿಯ ಗುಹೆ ದೇಶದ ಆಸ್ತಿ. ಮೇಘಾಲಯಕ್ಕೆ ಅದನ್ನು ಹಾಗೆಯೇ ತಂದು ಹೇರಿದರೆ ಜನ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಗುಹೆಯನ್ನು ನೆಲದಿಂದ ಬೇರೆ ಮಾಡಿ ನೋಡುವ ಯೋಚನೆ ಬೇಕು. ಅದನ್ನು ಸ್ವಾಯತ್ತ ಜಿಲ್ಲಾ ಮಂಡಳಿಗಳೇ ತಮ್ಮ ರೀತಿಯಲ್ಲಿ ಮಾಡಬಹುದು.

ಇಂಡೊನೇಷ್ಯಾದ ಮಧ್ಯ ಜಾವಾದಲ್ಲಿ ಕೆಂಡೆಂಗ್ ಸುಣ್ಣಕಲ್ಲಿನ ಬೆಟ್ಟಗಳ ರೈತ ಮಹಿಳೆಯರು 2016ರ ಏಪ್ರಿಲ್‌ನಲ್ಲಿ ಜಕಾರ್ತದ ಅಧ್ಯಕ್ಷರ ಅರಮನೆಯ ಎದುರು ತಮ್ಮ ಪಾದಗಳನ್ನು ಸಿಮೆಂಟಿನಲ್ಲಿ ಹೂತುಕೊಂಡು ಕೂತಿದ್ದರು. ಅವರ ವಾದವೂ ಇದೇ. ಬೆಟ್ಟದೊಳಗಿನ ನೀರು ಹೋದರೆ ಕೆಳಗಿನ ಗದ್ದೆಗಳು ಉಳಿಯುವುದಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ತೀರ್ಪಿನ ನಂತರವೂ ಕಾರ್ಖಾನೆಯ ಅನುಮತಿ ಹೊಸ ರೂಪದಲ್ಲಿ ಬಂದು, 2017ರಲ್ಲಿ ಮಹಿಳೆಯರು ಮತ್ತೆ ಅದೇ ರೀತಿ ಕೂರಬೇಕಾಯಿತು.

ನಮ್ಮ ಕಡೆಯ ಸುಣ್ಣಕಲ್ಲು

ಉತ್ತರ ಕರ್ನಾಟಕದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿ ಸುಣ್ಣಕಲ್ಲೇ. ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದರ ಮೇಲೆಯೇ. ಅಲ್ಲೇಕೆ ಮೇಘಾಲಯದಂಥ ಗುಹೆಗಳಿಲ್ಲ? ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, ಆದರೆ ನೆಲ ಹೆಚ್ಚು ಏಳಲಿಲ್ಲ. ನೀರು ಆಳಕ್ಕಿಳಿದು ಹೊರಬೀಳಲು ಕಣಿವೆಗಳಿಲ್ಲ. ಕಲಬುರಗಿಯ ಮಳೆ ಮೌಸಿನ್‌ರಾಮ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಹಾಗೆಂದು ಒಳಗೆ ಏನೂ ನಡೆಯುತ್ತಿಲ್ಲ ಎಂದಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲದಡಿಯಿಂದ ಸದ್ದು ಬಂದು, ಲಘು ಕಂಪನಗಳಾಗಿ ಜನ ರಾತ್ರಿ ಮನೆ ಹೊರಗೆ ಮಲಗಿದ್ದರು. ಜೋರು ಮಳೆಯ ನೀರು ಸುಣ್ಣಕಲ್ಲಿನ ಪದರಗಳಿಗೆ ಇಳಿದದ್ದಕ್ಕೂ ಇದಕ್ಕೂ ನಂಟಿರಬಹುದು ಎಂದು ತಜ್ಞರು ಹೇಳಿದ್ದರು. ಬಳ್ಳಾರಿಯಿಂದ ಬಹಳ ದೂರವಿಲ್ಲದ ಆಂಧ್ರದ ಬೇಲಂನಲ್ಲಿ ಒಣ ಬಯಲಿನ ಅಡಿಯಲ್ಲೇ 3,229 ಮೀಟರ್ ಉದ್ದದ ಗುಹೆ ಇದೆ. ಈಗಿನ ಒಣ ಹವೆಯಲ್ಲಿ ಅಷ್ಟು ದೊಡ್ಡದು ಕೊರೆಯುವುದು ಕಷ್ಟ. ಹೆಚ್ಚು ನೀರಿದ್ದ ಹಿಂದಿನ ಕಾಲದ ಗುರುತು ಅದು.

ಒಳಗಿನ ನೀರಿನ ದಾರಿ ತಿಳಿಯುವುದು ಅಸಾಧ್ಯವೇನಲ್ಲ. 1877ರ ಅಕ್ಟೋಬರ್‌ನಲ್ಲಿ ಜರ್ಮನಿಯಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಡ್ಯಾನ್ಯೂಬ್ ನದಿಯ ನೀರು ಒಂದು ಕಡೆ ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಹೋಗುತ್ತಿತ್ತು. ಆ ಬಿರುಕು ಮುಚ್ಚಬೇಕು ಎಂದು ಡ್ಯಾನ್ಯೂಬ್ ದಡದ ಕಾರ್ಖಾನೆಯವರು, ಮುಚ್ಚಬಾರದು ಎಂದು ಕೆಳಗಿನ ಆಖ್ ಬುಗ್ಗೆಯ ನೀರು ನಂಬಿದವರು. ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ನದಿ ಇಳಿಯುವ ಜಾಗದಲ್ಲಿ 10 ಕೆ.ಜಿ. ಬಣ್ಣ ಸುರಿದರು. ಸುಮಾರು ಅರವತ್ತು ಗಂಟೆಗಳ ನಂತರ 12 ಕಿ.ಮೀ. ದೂರದ ಆಖ್ ಬುಗ್ಗೆಯ ನೀರು ಹಸಿರಾಗಿ ಹೊಳೆಯಿತು. ನೀರು ಯಾರದು ಎಂಬ ವಾದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು.

ಈಗ ಇದಕ್ಕೆ ಬೇಕಾದ ಬಣ್ಣ ಇನ್ನೂ ಕಡಿಮೆ. ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಹಿಡಿಯುವ ಉಪಕರಣಗಳಿವೆ. ಒಂದು ಬೆಟ್ಟದ ಕುಳಿಗಳಿಗೆಲ್ಲ ಬೇರೆ ಬೇರೆ ಬಣ್ಣ ಹಾಕಿ, ಸುತ್ತಲಿನ ಬುಗ್ಗೆಗಳಲ್ಲಿ ಮಾದರಿ ತೆಗೆದು, ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ನೋಡಿದರೆ ಯಾವ ಊರಿನ ನೀರು ಯಾವ ಬೆಟ್ಟದ್ದು ಎಂದು ಹೇಳಬಹುದು. ಸುಣ್ಣಕಲ್ಲಿನ ಗಣಿಗೆ ಅರ್ಜಿ ಹಾಕುವವರು ಈ ಪರೀಕ್ಷೆಯ ವರದಿ ಮತ್ತು ಅಡಿಯ ಗುಹೆಗಳ ನಕ್ಷೆ ಕೊಡಲೇಬೇಕು ಎಂದು ನಿಯಮ ಬರಬೇಕು. ಪರೀಕ್ಷೆ ಮಾಡುವವರನ್ನು ಕಂಪನಿ ಆರಿಸಬಾರದು, ಖರ್ಚು ಮಾತ್ರ ಕೊಡಬೇಕು. ಬಣ್ಣ ಕಾಣಿಸಿಕೊಂಡ ಪ್ರತಿ ಬುಗ್ಗೆಯ ಊರನ್ನೂ ಅಹವಾಲು ಸಭೆಗೆ ಕರೆಯಬೇಕು, ಆ ಊರು ಗಣಿಯಿಂದ ಎಷ್ಟೇ ದೂರ ಇರಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅಡಿ ಇಂಥ ಷರತ್ತು ಹಾಕಲು ಹೊಸ ಕಾಯ್ದೆಯೇ ಬೇಕೆಂದೇನಿಲ್ಲ. ಅರ್ಜಿ ಪರಿಶೀಲಿಸುವ ತಜ್ಞರ ಸಮಿತಿ ಅಧ್ಯಯನದ ಪಟ್ಟಿ ಬರೆದುಕೊಡುವಾಗ ಅದರಲ್ಲಿ ಇದನ್ನೂ ಸೇರಿಸಿದರೆ ಆಯಿತು.